ವಢುವಿನ ಮಕ್ಕಳು, ಲ್ಯಾನ್ಸೆಟ್‌ನ ಪುಟ, ಫೋನಿನ ಪರದೆ

ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಮೊನ್ನೆಮೊನ್ನೆಯವರೆಗಿನ ಅಹಮದ್‌ನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇದು ಮಹಾಗಣಪತಿಯ ಊರು. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಪುಣೆ ಸೇರಿದವರಿಗೆ ಇದು ಎಂಐಡಿಸಿ ಕೈಗಾರಿಕಾ ಪ್ರದೇಶ; ಎಲ್‌ಜಿ, ವರ್ಲ್‌ಪೂಲ್, ಫಿಯಟ್ ಕಾರ್ಖಾನೆಗಳ ಶಿಫ್ಟು ಬಸ್ಸುಗಳು ಓಡಾಡುವ ಜಾಗ. ಆದರೆ ವೈದ್ಯಕೀಯ ಜರ್ನಲ್ ಓದುವವರಿಗೆ ಈ ಶಿರೂರು ತಾಲೂಕು ಇನ್ನೊಂದು ಕಾರಣಕ್ಕೆ ಗೊತ್ತು. ರಾಂಜಣಗಾಂವದಿಂದ ಪುಣೆಯ ಕಡೆಗೆ ಮರಳುವಾಗ ಕೋರೆಗಾಂವ ಭೀಮಾದ ಹತ್ತಿರ ಒಳಗೆ ತಿರುಗಿದರೆ ವಢು ಬುದ್ರುಕ್ ಎಂಬ ಹಳ್ಳಿ ಬರುತ್ತದೆ. ಸಂಭಾಜಿ ಮಹಾರಾಜರ ಸಮಾಧಿ ಇರುವ ಊರು. ಪುಣೆಯ ಕೆಇಎಂ ಆಸ್ಪತ್ರೆಯ ಗ್ರಾಮೀಣ ಆರೋಗ್ಯ ಕೇಂದ್ರ ಇರುವುದೂ ಅಲ್ಲೇ.

ಡಾ. ಬಾನೂ ಕೋಯಾಜಿ ಅವರ ಮುಂದಾಳತ್ವದಲ್ಲಿ 1970ರ ದಶಕದಲ್ಲಿ ಕೆಇಎಂ ಈ ಹಳ್ಳಿಗಳಿಗೆ ಕಾಲಿಟ್ಟಿತು. ಆ ಕೆಲಸಗಳಿಗಾಗಿ ಅವರಿಗೆ 1993ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. 2002ರಿಂದ ಇಲ್ಲಿ ಸುತ್ತಲಿನ 22 ಹಳ್ಳಿಗಳ ಮನೆಮನೆಯ ಲೆಕ್ಕ ಇಡಲಾಗುತ್ತಿದೆ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು, ಯಾರು ಊರು ಬಿಟ್ಟರು, ಕಾರ್ಖಾನೆ ಕೆಲಸಕ್ಕೆಂದು ಯಾರು ಹೊಸದಾಗಿ ಬಂದು ಬಾಡಿಗೆಗೆ ಇಳಿದರು ಎಂದು ಕ್ಷೇತ್ರ ಸಿಬ್ಬಂದಿ ಬಾಗಿಲು ತಟ್ಟಿ ಬರೆದುಕೊಳ್ಳುತ್ತಾರೆ. ಆ ಲೆಕ್ಕದಿಂದ ಹುಟ್ಟಿದ ಲೇಖನಗಳು ಜಗತ್ತಿನ ಜರ್ನಲ್‌ಗಳಲ್ಲಿ ಅಚ್ಚಾಗಿವೆ. ಹಳ್ಳಿಯ ಬಾಗಿಲಿನಿಂದ ಹೊರಟ ಮಾಹಿತಿ ಜರ್ನಲ್ ಸೇರಿ, ಅಲ್ಲಿಂದ ಮತ್ತೆ ಯಾರ ಕೈಗೆ ಬರುತ್ತದೆ ಎನ್ನುವುದು ಕಳೆದ ಮೂವತ್ತು ವರ್ಷಗಳಲ್ಲಿ ಪೂರಾ ಬದಲಾಗಿದೆ.

ಒಂದೇ ಒಂದು ಲೇಖನವನ್ನು ಹಿಡಿದು ನೋಡೋಣ. ಚಿಕ್ಕ ಮಕ್ಕಳಿಗೆ ಜೀವ ಹಿಂಡುವ ಭೇದಿ ತರುವ ವೈರಸ್ ರೋಟಾ. ಅದರ ವಿರುದ್ಧ ದೇಶದಲ್ಲೇ ತಯಾರಾದ ಲಸಿಕೆ ರೋಟಾವ್ಯಾಕ್. ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನವಜಾತ ಶಿಶುಗಳಲ್ಲಿ ಕಂಡ 116ಇ ಎಂಬ ತಳಿಯೇ ಇದರ ಮೂಲ. ಅದೇ ಕಾಲದಲ್ಲಿ ಬೆಂಗಳೂರಿನ ಶಿಶುಗಳಲ್ಲೂ ಇಂಥದೇ ಇನ್ನೊಂದು ತಳಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅದರ ಮೇಲೆ ಕೆಲಸ ಮಾಡಿದ್ದರು; ಕೊನೆಗೆ ಲಸಿಕೆಯಾಗಿ ದಡ ಮುಟ್ಟಿದ್ದು ದೆಹಲಿಯ ತಳಿ. ಅದರ ಅಂತಿಮ ಹಂತದ ಪ್ರಯೋಗ ದೆಹಲಿ, ವೆಲ್ಲೂರು ಮತ್ತು ಪುಣೆ ಜಿಲ್ಲೆಯಲ್ಲಿ ನಡೆಯಿತು. ಪುಣೆಯ ಪಾಲನ್ನು ಹೊತ್ತದ್ದು ವಢು ಕೇಂದ್ರ. ಒಟ್ಟು 6,799 ಶಿಶುಗಳು: 4,532 ಮಕ್ಕಳಿಗೆ ಲಸಿಕೆ, 2,267 ಮಕ್ಕಳಿಗೆ ಲಸಿಕೆಯಂತೆಯೇ ಕಾಣುವ, ಔಷಧಿಯಿಲ್ಲದ ಹನಿ.

ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂತು. 1823ರಲ್ಲಿ ಲಂಡನ್ನಿನಲ್ಲಿ ಥಾಮಸ್ ವೇಕ್ಲಿ ಶುರು ಮಾಡಿದ ಪತ್ರಿಕೆ ಅದು. ಅಚ್ಚಾದ ಸಂಚಿಕೆಯ ತಾರೀಖು 2014ರ ಜೂನ್. ಆದರೆ ಲೇಖನ ಜಾಲದಲ್ಲಿ ಹೊರಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಮೂರು ತಿಂಗಳು ಮೊದಲೇ ಲೋಕವೆಲ್ಲ ಅದನ್ನು ಓದಿತ್ತು. ಓದಲು ಕಾಸು ಕೊಡಬೇಕಾಗಿಯೂ ಇರಲಿಲ್ಲ, ಅದು ಮುಕ್ತ ಲೇಖನ. ಇವತ್ತಿಗೂ ವೈದ್ಯ ಲೇಖನಗಳ ಹುಡುಕುತಾಣ ಪಬ್‌ಮೆಡ್ ತೆರೆದು ಹುಡುಕಿದರೆ ಪೂರ್ತಿ ಪಠ್ಯ ಉಚಿತವಾಗಿ ಸಿಗುತ್ತದೆ. ಸಾರಾಂಶದಲ್ಲೇ ತಿರುಳಿದೆ: ಲಸಿಕೆ ಪಡೆದವರಲ್ಲಿ ತೀವ್ರ ರೋಟಾ ಭೇದಿಯ 71 ಪ್ರಕರಣ, ಪಡೆಯದವರಲ್ಲಿ 76. ಎರಡೂ ಒಂದೇ ಅಲ್ಲವೇ ಎಂದು ಅವಸರದ ಓದುಗ ಕೇಳಿಬಿಡಬಹುದು. ಲಸಿಕೆ ಪಡೆಯದ ಗುಂಪು ಅರ್ಧದಷ್ಟೇ ಇತ್ತು ಎಂಬುದನ್ನು ಮರೆಯಬಾರದು. ಅರ್ಧದಷ್ಟು ಮಕ್ಕಳಲ್ಲಿ ಅಷ್ಟೇ ಪ್ರಕರಣಗಳು ಬಂದವು ಅಂದರೆ ಕಾಯಿಲೆ ಇಮ್ಮಡಿ ಇತ್ತು. ಹಾಗಾಗಿ ಲಸಿಕೆಯ ಪರಿಣಾಮ ಶೇ 53.6.

ಬಾಗಿಲು ತೆರೆದಿದ್ದರಿಂದ ಇನ್ನೊಂದು ಸಂಗತಿಯೂ ಆಯಿತು. ಒಳಗೆ ಬಂದವರು ಪ್ರಶ್ನೆ ಕೇಳಿದರು. ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ಅಪರೂಪದ ತೊಂದರೆ ಕುರಿತು ಮೂರೂ ಕೇಂದ್ರಗಳ ಅಂಕಿಗಳನ್ನು ಬೇರೆಬೇರೆಯಾಗಿ ಕೊಡಿ ಎಂಬ ಒತ್ತಾಯ ಎದ್ದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆಮೇಲೆ ದೇಶದ 27 ಆಸ್ಪತ್ರೆಗಳಲ್ಲಿ ಇಂಥ ಮಕ್ಕಳ ಮೇಲೆ ಕಣ್ಣಿಟ್ಟು ನಡೆಸಿದ ಅಧ್ಯಯನ 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಲಸಿಕೆಗೂ ಆ ತೊಂದರೆಗೂ ನಂಟು ಕಾಣಲಿಲ್ಲ ಎಂದಿತು. ಒಂದು ಲೇಖನ ಎತ್ತಿದ ಪ್ರಶ್ನೆಗೆ ಇನ್ನೊಂದು ಲೇಖನ ಉತ್ತರ ಕೊಡುವುದು ಹೊಸದಲ್ಲ. ಆ ಮಾತುಕತೆ ನಡೆಯುವುದು ಸಾರ್ವಜನಿಕರ ಎದುರಿಗೆ ಎಂಬುದಷ್ಟೇ ಹೊಸದು.

ಮೊದಲು ಹೀಗಿರಲಿಲ್ಲ. ಜರ್ನಲ್ ಅಂದರೆ ಮೆಡಿಕಲ್ ಕಾಲೇಜಿನ ಲೈಬ್ರರಿ. ವಿದೇಶದ ಸಂಚಿಕೆ ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ಕಳೆದು ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ತಾಲೂಕು ಕೇಂದ್ರದ ವೈದ್ಯರಿಗೆ ಔಷಧ ಕಂಪನಿಯ ಪ್ರತಿನಿಧಿ ತಂದುಕೊಟ್ಟ ನುಣುಪು ಕಾಗದದ ಹಾಳೆಯೇ ಹೊಸ ಜ್ಞಾನ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಜಾಲತಾಣ ತೆರೆಯಿತು. 1998ರಿಂದ ಪೂರ್ತಿ ಪಠ್ಯವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಓದುಗರ ಪತ್ರಗಳನ್ನು ತಿಂಗಳುಗಟ್ಟಲೆ ಕಾಯಿಸದೆ ಲೇಖನದ ಕೆಳಗೇ ಹಾಕುವ ಪದ್ಧತಿಯನ್ನೂ ಆರಂಭಿಸಿತು. ಆಗ ಸಂಪಾದಕರಾಗಿದ್ದವರು ರಿಚರ್ಡ್ ಸ್ಮಿತ್. ಕೆಲವು ವರ್ಷಗಳ ಬಳಿಕ ಸಂಶೋಧನಾ ಲೇಖನಗಳನ್ನು ಬಿಟ್ಟು ಉಳಿದದ್ದಕ್ಕೆ ಮತ್ತೆ ಬೀಗ ಬಿತ್ತು, ಆ ಮಾತು ಬೇರೆ. 1997ರಲ್ಲಿ ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯ ಪಬ್‌ಮೆಡ್ ಅನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ತೆರೆದಾಗ, ಯಾವ ಲೇಖನ ಎಲ್ಲಿದೆ ಎಂದು ಹುಡುಕುವ ಕಷ್ಟವೂ ಹೋಯಿತು.

ಆದರೆ ಈ ಕತೆಯ ರಸವತ್ತಾದ ಭಾಗ ಲಂಡನ್ನಿನದಲ್ಲ, ಮುಂಬೈಯದು. ಪರೇಲಿನಲ್ಲಿ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು ಮತ್ತು ಅದರ ಕೆಇಎಂ ಆಸ್ಪತ್ರೆ ಇದೆ (ಪುಣೆಯ ಕೆಇಎಂ ಬೇರೆ, ಮುಂಬೈಯ ಕೆಇಎಂ ಬೇರೆ, ಎರಡಕ್ಕೂ ಏಳನೇ ಎಡ್ವರ್ಡ್ ದೊರೆಯ ಹೆಸರು). ಅಲ್ಲಿನ ಅಧ್ಯಾಪಕರ ಸಂಘ 1955ರಿಂದ ನಡೆಸಿಕೊಂಡು ಬಂದ ತ್ರೈಮಾಸಿಕ ಜರ್ನಲ್ ಆಫ್ ಪೋಸ್ಟ್‌ಗ್ರ್ಯಾಜುಯೇಟ್ ಮೆಡಿಸಿನ್. ಭಾರತದ ನೂರಾರು ವೈದ್ಯ ಜರ್ನಲ್‌ಗಳ ಹಾಗೆ ಇದೂ ಕಷ್ಟಪಟ್ಟು ಅಚ್ಚಾಗಿ, ಚಂದಾದಾರರ ಕಪಾಟು ಸೇರಿ, ಹೊರದೇಶದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿತ್ತು.

ಮಕ್ಕಳ ವೈದ್ಯ ಡಿ.ಕೆ. ಸಾಹು ಮುಂಬೈಯಲ್ಲಿ ಮೆಡ್‌ನೋ ಎಂಬ ಪ್ರಕಾಶನ ಕಟ್ಟಿದ್ದರು. ಅವರು ಈ ಜರ್ನಲ್ ಅನ್ನು ಜಾಲಕ್ಕೆ ಏರಿಸಿದರು. ಓದುವವರಿಂದ ದುಡ್ಡಿಲ್ಲ, ಬರೆಯುವವರಿಂದಲೂ ಇಲ್ಲ. ಹಾಗಾದರೆ ಖರ್ಚು ಹೇಗೆ? ಅಚ್ಚಿನ ಪ್ರತಿಯ ಚಂದಾ, ಜಾಹೀರಾತು. ಬಿಟ್ಟಿ ಸಿಗುವುದನ್ನು ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದು ಎಲ್ಲರೂ ಕೇಳಿದ್ದರು. ಅಚ್ಚಿನ ಚಂದಾ ಕಡಿಮೆಯಾಗಲಿಲ್ಲ, ಏರಿತು ಎಂಬುದು ಸಾಹು ಲೆಕ್ಕ ಸಮೇತ ಹೇಳುತ್ತ ಬಂದ ಮಾತು. ಹೊರದೇಶದವರು ಲೇಖನ ಕಳಿಸತೊಡಗಿದರು. 2005ರಲ್ಲಿ ಶಿಕಾಗೋದಲ್ಲಿ ನಡೆದ ಜರ್ನಲ್ ಸಂಪಾದಕರ ಸಮಾವೇಶದಲ್ಲಿ ಸಾಹು, ನಿತ್ಯಾ ಗೋಗಟೆ, ಸಂದೀಪ್ ಬಾವ್ಡೇಕರ್ ತಮ್ಮ ಅನುಭವವನ್ನು ಮುಂದಿಟ್ಟರು: ಮುಕ್ತವಾದ ಮೇಲೆ ಬಂದ ಲೇಖನಗಳನ್ನು ಬೇರೆ ಸಂಶೋಧಕರು ಬೇಗ ಉಲ್ಲೇಖಿಸುತ್ತಾರೆ; ಹತ್ತು ವರ್ಷ ಧೂಳು ತಿಂದ ಹಳೆಯ ಲೇಖನಗಳೂ ಜಾಲಕ್ಕೆ ಬಂದ ಮೇಲೆ ಉಲ್ಲೇಖವಾಗುತ್ತಿವೆ.

ಇದನ್ನು ನೋಡಿ ದೇಶದ ವೈದ್ಯ ಸಂಘಗಳು ಒಂದೊಂದಾಗಿ ತಮ್ಮ ಜರ್ನಲ್‌ಗಳನ್ನು ಮೆಡ್‌ನೋಗೆ ಒಪ್ಪಿಸಿದವು. 2011ರಲ್ಲಿ ವೋಲ್ಟರ್ಸ್ ಕ್ಲುವರ್ ಎಂಬ ಬಹುರಾಷ್ಟ್ರೀಯ ಪ್ರಕಾಶನ ಸಂಸ್ಥೆ ಮೆಡ್‌ನೋವನ್ನೇ ಕೊಂಡುಕೊಂಡಿತು. ದೊಡ್ಡ ಮೀನಿಗೆ ಸಣ್ಣ ಮೀನು ಸಿಕ್ಕ ಕತೆ ಎಂದು ಇದನ್ನು ತಳ್ಳಿಹಾಕಬಹುದು. ಆದರೂ, ಟ್ವಿಟರ್ ಹುಟ್ಟುವ ಮೊದಲೇ, ಪರೇಲಿನ ಒಂದು ಸಣ್ಣ ಜರ್ನಲ್ ಓದುಗರನ್ನು ತಲುಪುವ ಅತಿ ದೊಡ್ಡ ಉಪಾಯ ಕಂಡುಕೊಂಡಿತ್ತು: ಬೀಗ ತೆಗೆಯುವುದು.

ಬೀಗದ ವಿಚಾರ ಭಾರತಕ್ಕೆ ಯಾವತ್ತೂ ಸರಳವಾಗಿರಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡ ಪ್ರಕಾಶಕರ ಜೊತೆ ಸೇರಿ ಹಿನಾರಿ ಎಂಬ ಯೋಜನೆ ತಂದಿತು. ಬಡ ದೇಶಗಳ ವೈದ್ಯರಿಗೆ ಜರ್ನಲ್‌ಗಳು ಉಚಿತ ಅಥವಾ ಅಗ್ಗ. ತಲಾ ಆದಾಯ ನೋಡಿದರೆ ಆಗ ಭಾರತವೂ ಆ ಸಾಲಿಗೆ ಸೇರಬೇಕಿತ್ತು. ಸೇರಲಿಲ್ಲ, ಇಲ್ಲಿ ಪ್ರಕಾಶಕರಿಗೆ ವ್ಯಾಪಾರ ಇತ್ತು. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಒಳ್ಳೆಯ ಕೆಲಸ ಮಾಡಿತು. ಚಿಕಿತ್ಸೆಗಳ ಸತ್ಯಾಸತ್ಯತೆ ತೂಗಿ ನೋಡುವ ಕಾಕ್ರೇನ್ ಲೈಬ್ರರಿಗೆ ಇಡೀ ದೇಶದ ಪರವಾಗಿ ಚಂದಾ ಕಟ್ಟಿತು. ಭಾರತದಲ್ಲಿ ಇಂಟರ್ನೆಟ್ ಇದ್ದ ಯಾರು ಬೇಕಾದರೂ, ವೈದ್ಯರೇ ಆಗಬೇಕಿಲ್ಲ, ಅದನ್ನು ತೆರೆದು ಓದಬಹುದಾಯಿತು. ಉಳಿದದ್ದಕ್ಕೆ ಬಹಳ ವಿದ್ಯಾರ್ಥಿಗಳು ಸೈ-ಹಬ್ ಎಂಬ ಕಳ್ಳ ಬಾಗಿಲಿಂದ ನುಗ್ಗಿದರು. ಪ್ರಕಾಶಕರು 2020ರ ಕೊನೆಯಲ್ಲಿ ದೆಹಲಿ ಹೈಕೋರ್ಟಿಗೆ ಹೋದರು, 2025ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿಸುವ ಆದೇಶ ಬಂತು.

ಅಷ್ಟರಲ್ಲಿ ಸರ್ಕಾರವೇ ಮುಂದಿನ ಬಾಗಿಲ ಬೀಗದ ಕೈ ಕೊಂಡಿತ್ತು. 'ಒಂದು ದೇಶ, ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. 2025ರ ಜನವರಿಯಿಂದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದುಬಾರಿ ಜರ್ನಲ್‌ಗಳು ಕೈಗೆ ಸಿಗುವಂತಾಯಿತು. ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗಷ್ಟೇ. ಟ್ರಸ್ಟ್ ಆಸ್ಪತ್ರೆಗಳು, ಖಾಸಗಿ ಕಾಲೇಜುಗಳು, ಸ್ವಂತ ಕ್ಲಿನಿಕ್ ಇಟ್ಟುಕೊಂಡ ತಾಲೂಕಿನ ಡಾಕ್ಟರು ಇದರಲ್ಲಿ ಇಲ್ಲ.

ಬೀಗ ತೆಗೆದರೂ ಓದುಗ ತಾನಾಗಿ ಒಳಗೆ ಬರುವುದಿಲ್ಲ. ಕರೆಯಬೇಕು. ಸಾಮಾಜಿಕ ಜಾಲತಾಣ ಕಾಲಿಟ್ಟದ್ದು ಇಲ್ಲಿ.

ಓದುಗರನ್ನು ಕರೆಯುವ ಈ ವಿದ್ಯೆಗೆ ಪುಣೆಯಲ್ಲೇ ಒಂದು ಹಳೆಯ ಉದಾಹರಣೆ ಇದೆ. 2004ರ ಜನವರಿಯ ಲ್ಯಾನ್ಸೆಟ್‌ನಲ್ಲಿ ಒಂದೇ ಪುಟದ ಪುಟ್ಟ ಬರಹ, ಜೊತೆಗೊಂದು ಚಿತ್ರ ಬಂತು. ಬರೆದವರು ಪುಣೆ ಕೆಇಎಂನ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್‌ಕಿನ್. ಚಿತ್ರದಲ್ಲಿ ಇರುವವರೂ ಅವರೇ, ಇಬ್ಬರೂ ಅಕ್ಕಪಕ್ಕ. ನೋಡಲು ಇಬ್ಬರೂ ತೆಳ್ಳಗೆ. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರಿಗೂ 22.3. ಆದರೆ ಸ್ಕ್ಯಾನ್ ಮಾಡಿ ನೋಡಿದರೆ ಯುಡ್‌ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ಭಾರತೀಯರು ಸಣಕಲಾಗಿ ಕಂಡರೂ ಒಳಗೆ ಕೊಬ್ಬು ಹೊತ್ತಿರುತ್ತಾರೆ, ಸಕ್ಕರೆ ಕಾಯಿಲೆ ನಮ್ಮನ್ನು ಬೇಗ ಹಿಡಿಯುವುದಕ್ಕೆ ಇದೂ ಕಾರಣ ಎಂಬ ವಾದಕ್ಕೆ ಇಷ್ಟು ಸಾಕಾಯಿತು. ಪುಣೆ ಹತ್ತಿರದ ಆರು ಹಳ್ಳಿಗಳ ತಾಯಂದಿರು, ಮಕ್ಕಳನ್ನು 1993ರಿಂದ ಹಿಂಬಾಲಿಸಿಕೊಂಡು ಬಂದ ಯಾಜ್ಞಿಕರ ದೊಡ್ಡ ಅಧ್ಯಯನವನ್ನು ಓದಿದವರಿಗಿಂತ ಈ ಚಿತ್ರ ನೋಡಿದವರೇ ಹೆಚ್ಚು ಇರಬೇಕು. ಸಮ್ಮೇಳನಗಳ ಸ್ಲೈಡುಗಳಿಂದ ಫೋನುಗಳಿಗೆ ಅದು ಇನ್ನೂ ಓಡಾಡುತ್ತಲೇ ಇದೆ.

ಹನ್ನೆರಡು ವರ್ಷಗಳ ಮೇಲೆ ಜರ್ನಲ್‌ಗಳು ಇದನ್ನೇ ಒಂದು ಪದ್ಧತಿ ಮಾಡಿಕೊಂಡವು. ಮಿಶಿಗನ್ನಿನ ಶಸ್ತ್ರಚಿಕಿತ್ಸಕ ಆಂಡ್ರ್ಯೂ ಇಬ್ರಾಹಿಂ 2016ರಲ್ಲಿ ಆನಲ್ಸ್ ಆಫ್ ಸರ್ಜರಿ ಜರ್ನಲ್‌ಗಾಗಿ ಚಿತ್ರಸಾರಾಂಶ ತಂದರು. ಇಡೀ ಲೇಖನದ ಪ್ರಶ್ನೆ, ಎರಡು ಮೂರು ಅಂಕಿ, ಒಂದಿಷ್ಟು ಚಿಹ್ನೆ, ಎಲ್ಲ ಫೋನಿನ ಪರದೆಯಲ್ಲಿ ಹಿಡಿಯುವಷ್ಟು. ಉಪಯೋಗವಾಯಿತೇ ಎಂದು ಅಳೆದೂ ನೋಡಿದರು. 44 ಲೇಖನಗಳನ್ನು ಒಮ್ಮೆ ಬರೀ ಶೀರ್ಷಿಕೆಯೊಂದಿಗೆ, ಒಮ್ಮೆ ಚಿತ್ರಸಾರಾಂಶದೊಂದಿಗೆ ಟ್ವೀಟ್ ಮಾಡಿದಾಗ, ಚಿತ್ರವಿದ್ದದ್ದು ಎಂಟು ಪಟ್ಟಿಗಿಂತ ಹೆಚ್ಚು ಬಾರಿ ಮರುಟ್ವೀಟ್ ಆಯಿತು. ಲೇಖನದ ಪುಟ ತೆರೆದವರ ಸಂಖ್ಯೆ ಮಾತ್ರ 2.7 ಪಟ್ಟು. ಹಂಚಿದ್ದು ಎಂಟು ಪಾಲು, ಒಳಗೆ ಹೋಗಿ ಓದಿದ್ದು ಮೂರಕ್ಕಿಂತ ಕಡಿಮೆ. ವಾಟ್ಸಾಪ್ ಗುಂಪಿನಲ್ಲಿ ಇರುವ ಯಾರಿಗೂ ಈ ಅಂತರ ಅಚ್ಚರಿ ತರುವುದಿಲ್ಲ.

ಇನ್ನೊಂದು ಜರ್ನಲ್ ಅಂತೂ ತನ್ನ ಮೇಲೇ ಪ್ರಯೋಗ ಮಾಡಿಕೊಂಡಿತು. ಹೃದ್ರೋಗದ ಪ್ರಸಿದ್ಧ ಜರ್ನಲ್ ಸರ್ಕ್ಯುಲೇಶನ್, ಔಷಧಿ ಪರೀಕ್ಷೆಯ ರೀತಿಯಲ್ಲೇ ಚೀಟಿ ಎತ್ತಿದಂತೆ 243 ಲೇಖನಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪನ್ನು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಪ್ರಚಾರ ಮಾಡಿತು, ಇನ್ನೊಂದನ್ನು ಸುಮ್ಮನೆ ಬಿಟ್ಟಿತು. ಮೂವತ್ತು ದಿನಗಳ ಬಳಿಕ ಪುಟವೀಕ್ಷಣೆ ಎಣಿಸಿದರೆ ಒಂದರ ಮಧ್ಯಾಂಕ 409, ಇನ್ನೊಂದರದು 392. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ತನ್ನ ಸಾಮಾಜಿಕ ಜಾಲತಾಣ ವಿಭಾಗ ಪ್ರಯೋಜನಕ್ಕೆ ಬರಲಿಲ್ಲ ಎಂದು ತನ್ನದೇ ಪುಟದಲ್ಲಿ ಅಚ್ಚು ಹಾಕಿದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಎದೆಯ ಶಸ್ತ್ರಚಿಕಿತ್ಸಕರ ಒಂದು ಬಳಗ ಇಂಥದೇ ಪರೀಕ್ಷೆಯನ್ನು 112 ಲೇಖನಗಳ ಮೇಲೆ ಮಾಡಿದಾಗ ಫಲಿತಾಂಶ ಉಲ್ಟಾ. ಟ್ವೀಟ್ ಆದವು ಒಂದು ವರ್ಷದಲ್ಲಿ ಸರಾಸರಿ ಮೂರು ಉಲ್ಲೇಖ ಹೆಚ್ಚು ಪಡೆದವು, ಆಗದವು ಒಂದನ್ನೂ ಮುಟ್ಟಲಿಲ್ಲ. ಇಲ್ಲಿ ಟ್ವೀಟ್ ಮಾಡಿದ್ದು ಜರ್ನಲ್ಲಿನ ಸಂಸ್ಥಾ ಖಾತೆಯಲ್ಲ. ಆ ಕ್ಷೇತ್ರದಲ್ಲೇ ಹೆಸರು ಮಾಡಿದ, ಸಹೋದ್ಯೋಗಿಗಳು ಹಿಂಬಾಲಿಸುವ ವೈದ್ಯರು. ಎರಡರ ಅಂತರಕ್ಕೆ ಅದೇ ಕಾರಣ ಇರಬಹುದು. ಪರಿಚಿತರು ಓದು ಎಂದರೆ ಓದುತ್ತೇವೆ, ಕಂಪನಿಯ ಲೋಗೋ ಹೇಳಿದರೆ ಬೆರಳು ಮುಂದಕ್ಕೆ ತಳ್ಳುತ್ತದೆ.

ಜೋಯೆಲ್ ಟೋಫ್ ಮತ್ತು ಸ್ವಪ್ನಿಲ್ ಹಿರೇಮಠ ಎಂಬ ಮೂತ್ರಪಿಂಡ ತಜ್ಞರು 2014ರಲ್ಲಿ ಟ್ವಿಟರ್‌ನಲ್ಲಿ ಶುರು ಮಾಡಿದ ನೆಫ್‌ಜೆಸಿ ಗೆದ್ದದ್ದೂ ಹೀಗೆಯೇ. ಗೊತ್ತಾದ ರಾತ್ರಿ, ಗೊತ್ತಾದ ಲೇಖನ, ಲೋಕದ ಮೂಲೆಮೂಲೆಯ ವೈದ್ಯರು ಸೇರಿ ಅದನ್ನು ಜಾಲಾಡುತ್ತಾರೆ. ಒಮ್ಮೊಮ್ಮೆ ಲೇಖನ ಬರೆದವರೇ ಬಂದು ಉತ್ತರಿಸುತ್ತಾರೆ. ಮೆಡಿಕಲ್ ಕಾಲೇಜಿನ ಜರ್ನಲ್ ಕ್ಲಬ್ಬಿಗೆ ಗೋಡೆ ಇಲ್ಲದಂತಾಯಿತು. ಪಾಡ್‌ಕಾಸ್ಟುಗಳು, ಎರಡು ಮೂರು ನಿಮಿಷದ ಅನಿಮೇಶನ್‌ಗಳು ಈಗ ದೊಡ್ಡ ಜರ್ನಲ್‌ಗಳಿಗೆಲ್ಲ ಇವೆ; ಓಪಿಡಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಕೇಳಬಹುದು.

ವೇಗಕ್ಕೆ ತೆರಬೇಕಾದ ಬೆಲೆ ಕೋವಿಡ್ ಕಾಲದಲ್ಲಿ ಗೊತ್ತಾಯಿತು. ತಜ್ಞರ ಪರಿಶೀಲನೆಗೆ ಮುಂಚೆಯೇ ಹಸ್ತಪ್ರತಿಯನ್ನು ಜಾಲಕ್ಕೆ ಹಾಕುವ ಪ್ರಿಪ್ರಿಂಟ್ ತಾಣಗಳು ಆಗ ದಿನದ ಮಾತಾದವು. ದೆಹಲಿಯ ಸಂಶೋಧಕರ ಒಂದು ಪ್ರಿಪ್ರಿಂಟ್, ಕೊರೊನಾ ವೈರಸ್ಸಿಗೂ ಎಚ್‌ಐವಿಗೂ ವಿಚಿತ್ರ ಹೋಲಿಕೆ ಇದೆ ಎಂದು 2020ರ ಜನವರಿ 31ರಂದು ಹೊರಬಂತು. ಜಾಲದಲ್ಲಿದ್ದ ತಜ್ಞರು ಮುಗಿಬಿದ್ದು ತಪ್ಪು ತೋರಿಸಿದರು. ಫೆಬ್ರವರಿ 2ರ ಹೊತ್ತಿಗೆ ಲೇಖಕರು ಅದನ್ನು ಹಿಂತೆಗೆದುಕೊಂಡರು. ತಪ್ಪು ತಿದ್ದಿದ್ದು ಎರಡು ದಿನದಲ್ಲಿ. ವೈರಸ್ಸು ಲ್ಯಾಬಿನದು ಎಂಬ ವದಂತಿ ಹಬ್ಬಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಪರಿಶೀಲನೆ ಆದರೆ ಸಾಕೇ? ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದ ಲೇಖನ ಅದೇ ವರ್ಷದ ಮೇ ತಿಂಗಳಲ್ಲಿ ಲ್ಯಾನ್ಸೆಟ್‌ನಲ್ಲೇ ಬಂತು. ಅದರ ಹಿಂದಿನ ಅಂಕಿಅಂಶ ನಂಬಲರ್ಹವಲ್ಲ ಎಂದು ಜಾಲದ ಓದುಗರೇ ಬೆನ್ನುಹತ್ತಿದ್ದರಿಂದ ಎರಡು ವಾರಗಳಲ್ಲಿ ಹಿಂತೆಗೆಯಬೇಕಾಯಿತು.

ಜರ್ನಲ್ ಹೆಸರಿಟ್ಟುಕೊಂಡ ಅಂಗಡಿಗಳ ಕಾಟ ಇನ್ನೊಂದು. ಜಾಲತಾಣ ಮಾಡಲು ಖರ್ಚಿಲ್ಲ, ಲೇಖಕರಿಂದ ದುಡ್ಡು ಬರುತ್ತದೆ, ಪರಿಶೀಲನೆ ಕಾಗದದ ಮೇಲೆ. ಹೈದರಾಬಾದಿನ ಓಮಿಕ್ಸ್ ಪ್ರಕಾಶನಕ್ಕೆ ಅಮೆರಿಕದ ಕೋರ್ಟು 2019ರಲ್ಲಿ ಐದು ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಟ್ಟಲು ಆದೇಶಿಸಿತು. ಪುಣೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಯುಜಿಸಿ ಒಪ್ಪಿದ್ದ ಜರ್ನಲ್ ಪಟ್ಟಿಯನ್ನು ಜಾಲಾಡಿ 2018ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಜರ್ನಲ್‌ಗಳಲ್ಲಿ ಪರಿಶೀಲಿಸಿದವುಗಳ ಪೈಕಿ ಶೇ 88ರಷ್ಟು ಕಳಪೆ ದರ್ಜೆಯವು. ಗೂಗಲ್‌ನಲ್ಲಿ ಕಾಯಿಲೆ ಹುಡುಕುವ ಸಾಮಾನ್ಯ ಓದುಗರಿಗೆ ಇಂಥ ಜರ್ನಲ್ಲಿನ ಲೇಖನವೂ ಲ್ಯಾನ್ಸೆಟ್‌ನದೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಲೇಖನ ಪಬ್‌ಮೆಡ್‌ನಲ್ಲಿ ಸಿಗುತ್ತದೆಯೇ, ಅದರ ಮೇಲೆ ಹಿಂತೆಗೆದ ಮುದ್ರೆ ಬಿದ್ದಿದೆಯೇ ಎಂದು ನೋಡುವುದು ತಕ್ಕಮಟ್ಟಿನ ಕಾವಲು, ಪೂರ್ಣವಲ್ಲ.

ಇಷ್ಟೆಲ್ಲ ಆದ ಮೇಲೂ ಶಿರೂರು ತಾಲೂಕಿನ ತಾಯಿಗೆ, ತನ್ನ ಮಗುವೂ ಸೇರಿದ್ದ ಪ್ರಯೋಗದ ಫಲ ಓದಲು ಸಿಗುವುದು ಇಂಗ್ಲಿಷಿನಲ್ಲೇ. ನಮ್ಮ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ವಢುವಿನಲ್ಲಾದರೆ ಮರಾಠಿ, ಭೀಮೆ ಕೆಳಕ್ಕೆ ಹರಿದು ಬರುವ ಕಲಬುರಗಿಯಲ್ಲಾದರೆ ಕನ್ನಡ. ಸಹಿ ಹಾಕುವಾಗ ಸಿಗುವ ಭಾಷೆ ಫಲಿತಾಂಶ ಬರುವಾಗ ಸಿಗುವುದಿಲ್ಲ. ಪ್ಲಾಸ್ ಮೆಡಿಸಿನ್‌ನಂಥ ಮುಕ್ತ ಜರ್ನಲ್‌ಗಳು ಸಂಶೋಧನೆಯ ಜೊತೆಗೆ ಸಾಮಾನ್ಯರಿಗಾಗಿ ಸರಳ ಸಂಗ್ರಹ ಬರೆಯಿಸಿವೆ, ಅದೂ ಇಂಗ್ಲಿಷಿನಲ್ಲಿ. ಬ್ರಿಟಿಷ್ ಮೆಡಿಕಲ್ ಜರ್ನಲ್ ಈಗ ಪ್ರತಿ ಸಂಶೋಧಕರಿಗೂ ಒಂದು ಪ್ರಶ್ನೆ ಹಾಕುತ್ತದೆ: ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಫಲಿತಾಂಶವನ್ನು ಹೇಗೆ ತಲುಪಿಸುತ್ತೀರಿ? ಉತ್ತರ ಲೇಖನದ ಕೊನೆಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತದೆ. ಮುಂದಿನ ಸಲ ಭಾರತದ ಅಧ್ಯಯನವೊಂದು ಕಣ್ಣಿಗೆ ಬಿದ್ದರೆ ಚಿತ್ರಸಾರಾಂಶ ಬಿಟ್ಟು ಆ ಸಾಲಿಗೆ ಇಳಿದು ನೋಡಬಹುದು. ಅಲ್ಲಿ ಸಭೆ ಕರೆದೆವು, ಕರಪತ್ರ ಹಂಚಿದೆವು ಎಂದು ಬರೆದವರಿದ್ದಾರೆ, ಜಾಲತಾಣದಲ್ಲಿ ಹಾಕುತ್ತೇವೆ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡವರೂ ಇದ್ದಾರೆ.